ಅಕ್ಕನ ಭುಜಕ್ಕೆ ಅಳತೆ ಮಾಡಿಸಿದ ಕೋವಿ

ಕೋವಿ ಬೇಕು ಎಂದು ಅಕ್ಕ ಕೇಳಿದ್ದು ಒಂದು ಸೋಮವಾರ ಬೆಳಗ್ಗೆ, ಫೋನಿನಲ್ಲಿ. ಆ ದಿನದ ಪತ್ರಿಕೆಯ ಮೂರನೇ ಪುಟದಲ್ಲಿ ನಾನು ಕಳಿಸಿದ ಸುದ್ದಿ ಬಂದಿತ್ತು. ತೋಟದ ಮನೆಯಲ್ಲಿ ಒಬ್ಬರೇ ಇದ್ದ ಹೆಂಗಸಿನ ಕೊಲೆ, ಮೈಮೇಲಿನ ಚಿನ್ನ ಕಾಣೆ. ಸತ್ತವರ ಮನೆಗೂ ಅಕ್ಕನ ಮನೆಗೂ ನಡುವೆ ಎರಡು ತೆಂಗಿನ ತೋಟ ಮತ್ತು ಒಂದು ಬತ್ತಿದ ಕಟ್ಟೆ ಇತ್ತು.

"ನೀನು ಬರ್ದಿದ್ದು ಓದ್ದೆ," ಎಂದಳು. "ಬಾಗ್ಲು ಮುರಿದಿರಲಿಲ್ಲ ಅಂತ ಹಾಕಿದೀಯ. ನಿಜಾನಾ?"

"ನಿಜ."

"ಹಂಗಾದ್ರೆ ಅವಳೇ ತೆಗ್ದವಳೆ. ಯಾರಾದ್ರೂ ಅಕ್ಕಾ ಅಂತ ಕೂಗಿದ್ರೆ ನಾನೂ ತೆಗೀತೀನಿ ಕಣೋ. ನಂಗೊಂದು ಕೋವಿ ಕೊಡ್ಸು."

ಅಕ್ಕನಿಗೆ ಆಗ ನಲವತ್ತೇಳು. ಭಾವ ಹೃದಯಾಘಾತದಿಂದ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬಾಣಾವರದಿಂದ ಒಳಗೆ ಹೋಗುವ ರಸ್ತೆಯ ಪಕ್ಕದ ತೋಟದಲ್ಲಿ ಒಬ್ಬಳೇ ಇದ್ದಳು. ಅರಸೀಕೆರೆಗೆ ಬಂದು ನಮ್ಮ ಜೊತೆ ಇರು ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಅವಳ ಉತ್ತರ ಯಾವಾಗಲೂ ಒಂದೇ. ಭಾವನ ಅಣ್ಣನಿಗೆ ಆ ತೋಟದ ಮೇಲೆ ಕಣ್ಣಿತ್ತು. ಖಾತೆ ಅಕ್ಕನ ಹೆಸರಿಗೆ ಆಗಿದ್ದರೂ ಅವನು ಬೇಲಿಯನ್ನು ಪ್ರತಿ ವರ್ಷ ಒಂದು ಮಾರು ಈಚೆಗೆ ತರುತ್ತಿದ್ದ. "ನಾನು ಒಂದು ತಿಂಗ್ಳು ಬೀಗ ಹಾಕಿದ್ರೆ ತೋಟ ಅವನ್ದು," ಎನ್ನುತ್ತಿದ್ದಳು. ಅದು ಉತ್ಪ್ರೇಕ್ಷೆಯಾಗಿರಲಿಲ್ಲ. ಆ ಮನೆಯಲ್ಲಿ ಸಂಜೆ ದೀಪ ಉರಿಯುತ್ತಿರುವಷ್ಟು ದಿನ ಮಾತ್ರ ತೋಟ ಅವಳದು.

ಅರಸೀಕೆರೆಯಿಂದ ಬೇಲೂರು, ಹಳೇಬೀಡಿನವರೆಗೆ ಸುದ್ದಿ ಕಳಿಸುವುದು ನನ್ನ ಕೆಲಸ. ಯಾವ ಅರ್ಜಿ ಯಾವ ಮೇಜಿನ ಮೇಲೆ ಕೂರುತ್ತದೆ ಎಂಬುದು ಗೊತ್ತಿತ್ತು. ಆದರೂ ಲೈಸೆನ್ಸಿಗೆ ಹನ್ನೊಂದು ತಿಂಗಳು ಹಿಡಿಯಿತು. ವಿಚಾರಣೆಗೆಂದು ಮನೆಗೆ ಬಂದ ಪೇದೆ ಜಗಲಿಯ ಮೇಲೆ ಕೂತು ಎಳನೀರು ಕುಡಿದು, "ಮನೇಲಿ ಗಂಡಸ್ರು ಯಾರೂ ಇಲ್ವೇನಮ್ಮ?" ಎಂದು ಕೇಳಿದ.

"ಇದ್ದಿದ್ರೆ ಅವರನ್ನೇ ಬಾಗ್ಲಲ್ಲಿ ನಿಲ್ಲಿಸ್ತಿದ್ದೆ," ಎಂದಳು ಅಕ್ಕ.

ಅವನು ನಗಲಿಲ್ಲ. ವರದಿಯಲ್ಲಿ 'ಮನೆಯಲ್ಲಿ ಗಂಡಸರಿಲ್ಲ' ಎಂದು ಬರೆದುಕೊಂಡ.

ಲೈಸೆನ್ಸ್ ಬಂದ ಮೇಲೆ ಎಂಥದ್ದು ಕೊಳ್ಳಬೇಕು ಎಂಬ ಪ್ರಶ್ನೆ ಬಂತು. ಹಗುರವಾದ ಒಂಟಿ ನಳಿಗೆಯದು ಸಾಕು ಎಂಬುದು ನನ್ನ ಅಭಿಪ್ರಾಯ. ನನಗೆ ಕೋವಿಯ ಬಗ್ಗೆ ತಿಳಿದಿದ್ದೆಲ್ಲ ಅಪರಾಧ ಸುದ್ದಿಗಳಿಂದ ಬಂದದ್ದು. ಗೆಂಡೆಹಳ್ಳಿ ಕಡೆಯ ಕಾಫಿ ಬೆಳೆಗಾರರೊಬ್ಬರು ಪರಿಚಯವಿದ್ದರು. ಆನೆ ದಾಳಿಯ ಸುದ್ದಿಗೆ ಆ ಕಡೆ ಹೋದಾಗಲೆಲ್ಲ ಅವರ ಮನೆಯಲ್ಲಿ ಕೂರುತ್ತಿದ್ದೆ. ಬಹಳ ವರ್ಷದಿಂದ ಕೋವಿ ಇಟ್ಟುಕೊಂಡವರು. ಫೋನ್ ಮಾಡಿದಾಗ, "ಅಕ್ಕನ್ನ ಕರ್ಕೊಂಡು ಬನ್ರೀ. ಕೈಗೆತ್ತಿ ನೋಡದೆ ಕೊಳ್ಳೋ ಸಾಮಾನಲ್ಲ ಅದು," ಎಂದರು.

ಜಾವಗಲ್ ದಾಟಿ ಹಳೇಬೀಡಿನಲ್ಲಿ ಇಳಿದು ಬೇಲೂರಿನ ಬಸ್ಸು ಕಾದೆವು. ಬೇಲೂರಿನಲ್ಲಿ ಮತ್ತೆ ಬಸ್ಸು ಬದಲಿಸುವಾಗ ಅಕ್ಕ ದೇವಸ್ಥಾನದ ಗೋಪುರದ ಕಡೆ ನೋಡಿ, "ಈ ಗುಡೀಲಿ ಬಿಲ್ಲು ಹಿಡ್ಕಂಡೋಳು ಒಬ್ಳು ಅವಳೆ ಅಲ್ವೇನೋ," ಎಂದಳು. "ಅವಳ್ಗೆ ಲೈಸೆನ್ಸು ಎಷ್ಟ್ ತಿಂಗ್ಳಿಗೆ ಬಂತೋ." ಆ ಇಡೀ ವ್ಯವಹಾರದಲ್ಲಿ ಅವಳು ತಮಾಷೆ ಮಾಡಿದ್ದು ಎರಡು ಮೂರು ಸಲ. ಇದು ಒಂದು.

ಬೆಳೆಗಾರರು ಮನೆಯ ಹಿಂದಿನ ಬಯಲಿಗೆ ಎರಡು ಕೋವಿ ತಂದರು. ಒಂದು ಹಗುರವಾದ ಒಂಟಿ ನಳಿಗೆ, ಇನ್ನೊಂದು ಭಾರದ ಜೋಡಿ ನಳಿಗೆ. ದೂರದ ಮಣ್ಣಿನ ದಿಬ್ಬಕ್ಕೆ ತುಕ್ಕು ಹಿಡಿದ ಎಣ್ಣೆ ಡಬ್ಬ ಒರಗಿಸಿದರು. ಅಕ್ಕ ಮೊದಲು ಹಗುರದ್ದನ್ನು ಎತ್ತಿಕೊಂಡಳು. ಸುಲಭವಾಗಿಯೇ ಎತ್ತಿದಳು. ಹೊಡೆದಾಗ ಅವಳ ದೇಹವೆಲ್ಲ ಹಿಂದಕ್ಕೆ ಹೋಯಿತು. ಡಬ್ಬ ಇದ್ದಲ್ಲೇ ಇತ್ತು.

"ಎಲ್ರೂ ಮಾಡೋ ತಪ್ಪಿದು," ಎಂದರು ಅವರು, ನನ್ನ ಕಡೆ ನೋಡಿ. "ಹೆಂಗಸು ಅಂದ ತಕ್ಷಣ ಹಗುರದ್ದು ಕೊಡಿಸ್ತಾರೆ. ಹಗುರದ್ದೇ ಜಾಸ್ತಿ ಒದೆಯೋದು ಕಣ್ರೀ. ಒಂದ್ಸಲ ಒದೆಸ್ಕೊಂಡ್ರೆ ಎರಡನೇ ಸಲ ಕಣ್ಣು ಮುಚ್ಕೊಂಡು ಹೊಡೀತಾರೆ. ಕಣ್ಣು ಮುಚ್ಕೊಂಡು ಹೊಡೆಯೋಕೆ ಪಟಾಕಿ ಸಾಕು."

ಭಾರದ ಕೋವಿ ಅಷ್ಟು ಒದೆಯಲಿಲ್ಲ. ಆದರೆ ಅದರ ಮರದ ಹಿಂಬದಿ ಅವಳಿಗೆ ಉದ್ದವಾಯಿತು. ಟ್ರಿಗರಿಗೆ ಬೆರಳು ಮುಟ್ಟಿಸಲು ಕತ್ತು ಚಾಚಿ, ಸೊಂಟ ಹಿಂದಕ್ಕೆ ಬಾಗಿಸಬೇಕಾಗುತ್ತಿತ್ತು. ಬೆಳೆಗಾರರು ಕೋವಿಯ ಹಿಂಬದಿಯನ್ನು ಅವಳ ಮಡಿಸಿದ ಮೊಣಕೈ ಒಳಗಿಟ್ಟು, ಅವಳ ಬೆರಳು ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿದರು. ಟ್ರಿಗರಿಗಿಂತ ಎರಡು ಬೆರಳು ಈಚೆಗೆ ನಿಂತಿತು.

"ಇವೆಲ್ಲ ಗಂಡಸರ ಅಳತೆಗೆ ಮಾಡಿರೋವು," ಎಂದರು. "ಭಾರದ್ದೇ ತಗೋಮ್ಮ. ಎರಡು ಬೆರಳು ಮರ ಕೊಯ್ಸು. ಎಡಗೈ ಚೆನ್ನಾಗಿ ಮುಂದಕ್ಕೆ ಕೊಡ್ಬೇಕು. ಹೊಡೆಯೋದು ಬಲಗೈ, ಹೊರೋದು ಎಡಗೈ."

ಆ ಮಾತನ್ನು ನಾನು ಅಭ್ಯಾಸದಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅಕ್ಕ ಸೆರಗು ಸರಿಸಿ ಭುಜ ತೋರಿಸಿದಳು. ಹಗುರದ ಕೋವಿ ತಾಗಿದ ಜಾಗ ಆಗಲೇ ಕಪ್ಪಾಗುತ್ತಿತ್ತು.

ಹಾಸನದ ಅಂಗಡಿಯಲ್ಲಿ ಅಂಥದೇ ಜೋಡಿ ನಳಿಗೆ ಸಿಕ್ಕಿತು. ಯಾರೋ ಬಳಸಿ ಬಿಟ್ಟದ್ದು, ಗಟ್ಟಿಯಾಗಿತ್ತು. ಮರ ಕೊಯ್ಯಬೇಕು ಎಂದಾಗ ಅಂಗಡಿಯವರಿಗೆ ಇಷ್ಟವಾಗಲಿಲ್ಲ. "ಕೊಯ್ದ ಮೇಲೆ ಇದು ಬೇರೆ ಯಾರ್ಗೂ ಕೂರಲ್ಲಮ್ಮ. ನಾಳೆ ಬೇಡ ಅಂತ ತಂದ್ರೆ ನಾನೂ ಮಾರಕ್ಕಾಗಲ್ಲ," ಎಂದರು. "ನಾನು ತರಲ್ಲ ಬಿಡಿ," ಎಂದಳು ಅಕ್ಕ. ಅವರ ಕೆಲಸಗಾರ ಗರಗಸದಲ್ಲಿ ಎರಡು ಬೆರಳು ಕೊಯ್ದು, ತುದಿಗೆ ರಬ್ಬರ್ ಕೂರಿಸಿದ. ಕೊಯ್ದ ಮರದ ತುಂಡನ್ನು ಅಕ್ಕ ಕೇಳಿ ಇಸಿದುಕೊಂಡಳು. ಅದನ್ನು ಅಡುಗೆಮನೆಯ ಬಾಗಿಲು ಬಡಿಯದಂತೆ ಸಂದಿಗೆ ಇಡುತ್ತಿದ್ದಳು.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಆಯಿತು. ಮುಂದಿನದು ನಾನು ಮಾಡಿದ್ದು.

ತಾಲ್ಲೂಕಿನಲ್ಲಿ ಹೆಂಗಸರ ಹೆಸರಿನಲ್ಲಿ ಕೋವಿ ಇರುವುದು ಅಪರೂಪ. ಸುದ್ದಿ ಮಾಡೋಣ ಎಂದೆ. ಅಕ್ಕ ಮೊದಲು ಬೇಡ ಎಂದಳು. ಕೋವಿ ಇದೆಯೆಂದು ಗೊತ್ತಾದರೆ ಯಾರೂ ಹತ್ತಿರ ಸುಳಿಯುವುದಿಲ್ಲ, ಗೊತ್ತಾಗದಿದ್ದರೆ ಇದ್ದೂ ಪ್ರಯೋಜನವಿಲ್ಲ ಎಂದು ವಾದಿಸಿದೆ. ಸ್ವಲ್ಪ ಯೋಚಿಸಿ ಒಪ್ಪಿದಳು. "ನಿನ್ ಭಾವನೋರಣ್ಣನೂ ಓದ್ಲಿ," ಎಂದಳು. ಜಗಲಿಯ ಮೇಲೆ ಕೋವಿ ಹಿಡಿದು ನಿಂತ ಫೋಟೋ ತೆಗೆದೆ. ತೋಟ ಯಾವ ಕಡೆ, ಮನೆಯಲ್ಲಿ ಯಾರಿದ್ದಾರೆ, ಏಕೆ ಕೊಂಡರು, ಎಲ್ಲವನ್ನೂ ಬರೆದೆ. ಸುದ್ದಿ ಎಂದರೆ ಅದೇ ತಾನೆ. ಆ ವರ್ಷ ಬೇಲಿ ಈಚೆಗೆ ಬರಲಿಲ್ಲ.

ಮುಂದಿನ ವರ್ಷ ಚುನಾವಣೆ ಘೋಷಣೆಯಾಯಿತು. ನೀತಿಸಂಹಿತೆ ಬಂದರೆ ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಫಲಿತಾಂಶದ ನಂತರವೇ ವಾಪಸ್. ಒಬ್ಬಳೇ ಇರುವುದರಿಂದ ವಿನಾಯಿತಿ ಕೊಡಿ ಎಂದು ಅಕ್ಕ ಅರ್ಜಿ ಹಾಕಿದಳು. ಅರ್ಜಿಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ ಎಂದು ಒಂದು ಸಾಲಿನ ಉತ್ತರ ಬಂತು. ಅವಳು ಕೋವಿಗೆ ಹಳೆಯ ಕಂಬಳಿ ಸುತ್ತಿ ಆಟೋದಲ್ಲಿ ತಂದಳು. ಠಾಣೆಯ ಮುಂದೆ ಗಂಡಸರ ಸಾಲು.

"ಏನಕ್ಕಾ, ನೀನೂ ತವರಿಗೆ ಕಳ್ಸಾಕೆ ಬಂದ್ಯಾ?" ಎಂದ ಒಬ್ಬ.

"ಹೂಂ. ನಿಂದು ಬಾಣಂತನಕ್ಕೆ ಬಂದಂಗೈತೆ, ಅಷ್ಟು ಬಟ್ಟೆ ಸುತ್ತಿದೀಯ," ಎಂದಳು.

ಸಾಲಿನಲ್ಲಿದ್ದವರು ನಕ್ಕರು. ಕೋವಿಗೆ ಚೀಟಿ ಕಟ್ಟಿದರು, ರಸೀದಿ ಕೊಟ್ಟರು.

ಅದಾದ ಎರಡು ದಿನಕ್ಕೆ ಠಾಣೆಯಿಂದ ಎಲ್ಲ ಪತ್ರಿಕೆಯವರಿಗೂ ವಾಟ್ಸಾಪಿನಲ್ಲಿ ಮಾಹಿತಿ ಬಂತು. ಹೋಬಳಿಯ ಎಲ್ಲ ಬಂದೂಕುಗಳನ್ನೂ ಜಮಾ ಮಾಡಿಕೊಳ್ಳಲಾಗಿದೆ, ಒಂದೂ ಬಾಕಿ ಇಲ್ಲ. ಪ್ರತಿ ಚುನಾವಣೆಯಲ್ಲೂ ಬರುವ ಸುದ್ದಿ. ಪ್ರತಿ ಸಲವೂ ನಾವು ಹಾಕುತ್ತೇವೆ. ಶಾಂತಿಯುತ ಮತದಾನಕ್ಕೆ ಸಿದ್ಧತೆ ನಡೆದಿದೆ ಎಂದು ಓದುಗರಿಗೆ ತಿಳಿಸುವ ರೀತಿ ಅದು. ನಾನು ನಾಲ್ಕು ಸಾಲಿಗೆ ಇಳಿಸಿ ಕಳಿಸಿದೆ. ಟೈಪ್ ಮಾಡುವಾಗ ಅಕ್ಕನ ನೆನಪು ಬರಲಿಲ್ಲ. ಈ ಮಾತು ನನಗೆ ಅನುಕೂಲಕರವಲ್ಲ, ಆದರೆ ನಡೆದದ್ದು ಹಾಗೇ.

ಆ ವಾರ ಪಂಪಿನ ಕರೆಂಟು ಬೆಳಗಿನ ಪಾಳಿಗೆ ಬಿದ್ದಿತ್ತು. ಐದೂವರೆಗೆ ಅಕ್ಕ ಮೋಟಾರ್ ಹಾಕಲು ಹೊರಗೆ ಬಂದಳು. ಪಂಪಿನ ಮನೆಯ ಹತ್ತಿರ ಇಬ್ಬರು ನಿಂತಿದ್ದರು. ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ. ಅವಳು ಹಿಂದಕ್ಕೆ ಸರಿದು, "ಒಳಗೆ ಕೋವಿ ಐತೆ," ಎಂದಳು.

"ಅದು ಸ್ಟೇಷನ್ನಾಗೈತಲ್ಲಕ್ಕ," ಎಂದನಂತೆ ಅವನು.

ತಲೆಗೆ ಬೀಸಿದ ಏಟನ್ನು ಅವಳು ಎಡಗೈಯಲ್ಲಿ ತಡೆದಳು. ಇನ್ನೆರಡು ಏಟೂ ಅದೇ ಕೈಗೆ, ಅದೇ ಭುಜಕ್ಕೆ. ಕತ್ತಿನ ಸರ, ಬಳೆ ತೆಗೆದುಕೊಂಡು ಹೋದರು. ಹಾಲು ಹಾಕಲು ಹೊರಟಿದ್ದ ಒಬ್ಬ ಅವಳನ್ನು ನೋಡಿದಾಗ ಏಳು ಗಂಟೆಯಾಗಿತ್ತು. ಮೋಟಾರ್ ಓಡುತ್ತಿತ್ತು. ಬಿದ್ದಲ್ಲಿಂದ ಎದ್ದು ಅವಳೇ ಹಾಕಿದ್ದಳು. ಕರೆಂಟು ಹೋದರೆ ಮತ್ತೆ ನಾಳೆಯೇ ಎಂದು ಹಾಕಿದೆ ಎಂದಳು ಆಮೇಲೆ.

ಇಬ್ಬರೂ ಹತ್ತು ದಿನದಲ್ಲಿ ಸಿಕ್ಕರು. ಬೇರೆ ತಾಲ್ಲೂಕಿನವರು, ಈ ಕಡೆಯಿಂದ ಕಾಯಿ ತುಂಬುವ ಗಾಡಿಯಲ್ಲಿ ಬಂದು ಹೋಗುತ್ತಿದ್ದವರು. ವಿಚಾರಣೆ ನಡೆಸಿದ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, "ಮನೆ ಹೆಂಗೆ ಗೊತ್ತಾಯ್ತು ಅಂತ ಕೇಳ್ದೆ. ಫೋಟೋ ಬಂದಿತ್ತು ಸಾರ್ ಅಂದ್ರು. ಕೋವಿ ಇಲ್ಲ ಅಂತ ಹೆಂಗೆ ಗೊತ್ತಾಯ್ತು ಅಂದೆ. ಅದೂ ಬಂದಿತ್ತು ಸಾರ್ ಅಂದ್ರು. ಎರಡೂ ನಿಮ್ ಪೇಪರೇ ಕಣ್ರೀ," ಎಂದರು. ಅವರು ಆಡಿಕೊಳ್ಳುವ ದನಿಯಲ್ಲಿ ಹೇಳಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಅಕ್ಕನ ಕೈಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ಎರಡನೆಯದರ ನಂತರ ನಾನು ಅವಳ ಹಾಸಿಗೆಯ ಪಕ್ಕದಲ್ಲಿ ಕೂತು ನಡೆದದ್ದನ್ನು ಹೇಳಿದೆ. ಆ ನಾಲ್ಕು ಸಾಲು ನಾನೇ ಕಳಿಸಿದ್ದು ಎಂದೆ.

"ಗೊತ್ತಿತ್ತು ಕಣೋ," ಎಂದಳು. "ಪೇಪರ್ ನಮ್ಮನೇಗೂ ಬತ್ತದೆ. ಓದಿದ ದಿನ ಎರಡು ಚಿಲಕ ಹಾಕ್ಕಂಡು ಮಲಗಿದ್ದೆ."

"ಫೋನ್ ಮಾಡ್ಬೇಕಿತ್ತು ಅಕ್ಕ."

"ಮಾಡಿದ್ರೆ ಏನ್ ಮಾಡ್ತಿದ್ದೆ? ಅಚ್ಚಾಗಿತ್ತಲ್ಲ."

ಫಲಿತಾಂಶ ಬಂದ ಮೇಲೆ ರಸೀದಿ ಕೊಟ್ಟು ಕೋವಿ ತಂದೆವು. ಮನೆಗೆ ಬಂದವಳೇ ಅಕ್ಕ ಅದನ್ನು ಎತ್ತಲು ನೋಡಿದಳು. ಬಲಗೈ ಸರಿಯಾಗಿಯೇ ಹೋಯಿತು. ಎಡಗೈ ನಳಿಗೆಯ ಕೆಳಗೆ ಹೋಗಿ, ಸೊಂಟದವರೆಗೆ ಬಂದು, ಅಲ್ಲೇ ನಿಂತಿತು. ಮೂರು ಸಲ ನೋಡಿದಳು. ನಾನು ಬೆಳೆಗಾರರ ಮಾತು ನೆನೆಸಿಕೊಂಡೆ. ಅವಳಿಗೂ ನೆನಪಿದ್ದಿರಬೇಕು. ಕೋವಿಯನ್ನು ಹಜಾರದ ಗೋಡೆಗೆ, ಬಾಗಿಲಿನಿಂದ ಕಾಣುವ ಹಾಗೆ ನೇತುಹಾಕಿಸಿದಳು.

"ಇದನ್ನ ಮಾತ್ರ ಬರೀಬೇಡ," ಎಂದಳು.

ಎರಡು ವರ್ಷ ಬರೆಯಲಿಲ್ಲ. ಮನೆಯಲ್ಲೂ ಹೇಳಲಿಲ್ಲ. ಆ ಎರಡು ವರ್ಷ ಅಕ್ಕ, ಎತ್ತಲಾಗದ ಕೋವಿಯ ಕೆಳಗೆ ಒಬ್ಬಳೇ ಬದುಕಿದಳು. ಯಾರಾದರೂ ಬಂದರೆ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಮಾತಾಡುತ್ತಿದ್ದಳು. ಆದರೆ ಒಂದು ದಿನ ಭಾವನ ಅಣ್ಣ ಬೇಲಿಯ ಆಚೆ ನಿಂತು, ಅವಳು ನೀರಿನ ಕೊಡವನ್ನು ಒಂದೇ ಕೈಯಲ್ಲಿ ಎಳೆದುಕೊಂಡು ಹೋಗುವುದನ್ನು ನೋಡಿದ. ಮುಂದಿನ ತಿಂಗಳು ಬೇಲಿ ಎರಡು ಮಾರು ಈಚೆಗೆ ಬಂತು.

ಈಗ ಬರೆಯುತ್ತಿದ್ದೇನೆ, ಏಕೆಂದರೆ ಮುಚ್ಚಿಡಲು ಅಲ್ಲಿ ಏನೂ ಉಳಿದಿಲ್ಲ. ಅಕ್ಕ ತೋಟ ಬಿಟ್ಟು ಅರಸೀಕೆರೆಗೆ ಬಂದಿದ್ದಾಳೆ. ತೋಟ ಅವಳ ಹೆಸರಿನಲ್ಲೇ ಇದೆ. ಕಾಯಿ ಇಳಿಸುವವರು ಭಾವನ ಅಣ್ಣನ ಕಡೆಯವರು.

ಲೈಸೆನ್ಸ್ ನವೀಕರಣದ ಸಮಯ ಬಂದಾಗ ಬೇಡ ಎಂದಳು. ಕೋವಿಯನ್ನು ಹಾಸನದ ಅದೇ ಅಂಗಡಿಗೆ ಒಪ್ಪಿಸಲು ಹೋದೆವು. ಅಂಗಡಿಯವರು ಕಂಬಳಿ ಬಿಚ್ಚಿ, ಭುಜಕ್ಕೆ ಕೊಟ್ಟು ನೋಡಿದರು. ಅವರ ಮೂಗು ಹಿಡಿದ ಕೈಯ ಹೆಬ್ಬೆರಳಿಗೆ ತಾಗುವಷ್ಟು ಅದರ ಮರ ಗಿಡ್ಡವಾಗಿತ್ತು.

"ಆವತ್ತೇ ಹೇಳಿದ್ನಲ್ಲಮ್ಮ," ಎಂದರು. "ಇನ್ನೊಬ್ಬ ಹೆಂಗಸು ಕೇಳ್ಕೊಂಡು ಬರೋವರ್ಗೂ ಇದು ಇಲ್ಲೇ ಬಿದ್ದಿರ್ತದೆ."

ಅಕ್ಕ ಚೀಲದಿಂದ ಆ ಎರಡು ಬೆರಳಿನ ಮರದ ತುಂಡು ತೆಗೆದು ಮೇಜಿನ ಮೇಲಿಟ್ಟಳು. "ಇದೂ ಅದರದ್ದೇ. ಬೇಕಾದ್ರೆ ಅಂಟಿಸ್ಕಳಿ," ಎಂದಳು. ಕಾಗದಕ್ಕೆ ಸಹಿ ಹಾಕಿ, ಎದ್ದು ನಿಂತು, ನನ್ನ ಕಡೆ ನೋಡದೆ ಮುಂದುವರಿಸಿದಳು. "ಹೆಂಗಸು ಯಾರಾದ್ರೂ ಬಂದ್ರೆ, ಪೇಪರಲ್ಲಿ ಕೆಲ್ಸ ಮಾಡೋ ತಮ್ಮ ಯಾರಾದ್ರೂ ಅವನಾ ಅಂತ ಮೊದ್ಲು ಕೇಳಿ. ಇಲ್ಲ ಅಂದ್ರೆ ಕೊಡಿ."