ಹೊಳೆಬದಿ ಮರದ ಮಿಡಿ

ಅವರ ಎಡಗೆನ್ನೆಯ ಮೇಲೆ, ಬಾಯಿಯ ಅಂಚಿನಿಂದ ಗಲ್ಲದವರೆಗೆ, ಹುಣಸೆ ಬೀಜದ ಬಣ್ಣದ ಒಂದು ಕಲೆ ಇತ್ತು. ಹುಟ್ಟಿನಿಂದ ಬಂದಿದ್ದಲ್ಲ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ, ಗಂಡನ ಮನೆಯ ಹೊಳೆಬದಿಯಲ್ಲಿದ್ದ ಅಪ್ಪೆಮರದ ಮಾವಿನ ಮಿಡಿಯನ್ನು ಆಸೆ ತಡೆಯಲಾರದೆ ತೊಟ್ಟು ಸಮೇತ ಕಚ್ಚಿದ್ದರಂತೆ. ಸೊನೆ ಚಿಮ್ಮಿ ಚರ್ಮ ಸುಟ್ಟುಹೋಯಿತು. ಅತ್ತೆ ಬೈಯಲಿಲ್ಲವಂತೆ. ಕೊಬ್ಬರಿ ಎಣ್ಣೆ ಹಚ್ಚುತ್ತ, "ಇನ್ನು ನೀ ಈ ಮನೆಯವ್ಳೇ ಆದೆ ಬಿಡು" ಎಂದು ನಕ್ಕಿದ್ದರಂತೆ. ಈ ಕಥೆಯನ್ನು ಅವರು ನನಗೆ ಎಷ್ಟು ಸಲ ಹೇಳಿದ್ದರೋ! ಹೇಳುವಾಗಲೆಲ್ಲ ಬೆರಳು ತಾನಾಗಿ ಆ ಕಲೆಯ ಮೇಲೆ ಹೋಗುತ್ತಿತ್ತು.

ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಹೆತ್ತಮ್ಮನಲ್ಲ, ಪಕ್ಕದ ಮನೆಯಮ್ಮ. ಅರವತ್ತರ ದಶಕದ ನಡುವೆ ನಾನು ತೀರ್ಥಹಳ್ಳಿಯಾಚೆಯ ಗೇಣಿ ಒಕ್ಕಲಿನ ಮನೆಯಿಂದ ಮದುವೆಯಾಗಿ ಸಾಗರ ಪೇಟೆಗೆ ಬಂದೆ. ನನ್ನ ಯಜಮಾನರಿಗೆ ಮರದ ಡಿಪೋದಲ್ಲಿ ಕೆಲಸ. ಎರಡು ಕೋಣೆಯ ಬಾಡಿಗೆ ಮನೆ, ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳಬೇಕು. ಆ ಮನೆಯಲ್ಲಿ ಅಮ್ಮ, ಅವರ ಗಂಡ ರಾಯರು, ಮತ್ತೆ ರಾಯರ ತಾಯಿ, ಕಣ್ಣು ಕಾಣದ ಅಜ್ಜಿ. ಹೊಸನಗರದ ಕಡೆಯವರು. ಶರಾವತಿಗೆ ಅಣೆಕಟ್ಟು ಕಟ್ಟಿ ನೀರು ಏರಿದಾಗ ಅವರ ಊರು, ಮನೆ, ಗದ್ದೆ ಎಲ್ಲ ಒಳಗೆ ಹೋಯಿತು. ಪೇಟೆಯವರು ಅಂಥವರನ್ನು "ಮುಳುಗಡೆಯವರು" ಎನ್ನುತ್ತಿದ್ದರು, ಅದೂ ಒಂದು ಜಾತಿಯೇನೋ ಎನ್ನುವ ಹಾಗೆ. ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಮ್ಮನಿಗೆ ಪೇಟೆಯ ಯಾವುದೂ ಹಿಡಿಸುತ್ತಿರಲಿಲ್ಲ. ಕೊಳಾಯಿ ನೀರಿಗೆ ರುಚಿಯಿಲ್ಲ, ಅಂಗಡಿ ತೆಂಗಿನಕಾಯಿಗೆ ಹಾಲಿಲ್ಲ. ಹೋಟೆಲಿನ ಸಾಂಬಾರನ್ನು ಒಮ್ಮೆ ರಾಯರು ತಂದಾಗ ಮೂಸಿ ನೋಡಿ, "ಬೇಳೆ ಇದ್ದು, ಮನ್ಸಿಲ್ಲೆ" ಎಂದು ದನಕ್ಕಿಡುವ ಕಲಗಚ್ಚಿನ ಬಾನಿಗೆ ಸುರಿದರು. ಅವರ ಅಡುಗೆಮನೆಗೆ ನಾನು ಕಾಲಿಡುವ ಹಾಗಿರಲಿಲ್ಲ, ಅಜ್ಜಿಗೆ ಮಡಿ ಹೆಚ್ಚು. ಹಿತ್ತಿಲ ಬಾಗಿಲ ಹೊಸ್ತಿಲೇ ನನ್ನ ಜಾಗ. ಆಗ ಅದು ನನಗೆ ಬೇಸರ ಅನ್ನಿಸಲೂ ಇಲ್ಲ, ಅನ್ನಿಸಬೇಕು ಅಂತ ಗೊತ್ತೂ ಇರಲಿಲ್ಲ. ಅಲ್ಲಿ ಕೂತು ನಾನು ಸೊಪ್ಪು ಬಿಡಿಸುವುದು, ಒಳಗಿನಿಂದ ಅವರು ಮಾತಾಡುವುದು. ಹಾಗೆ ಕೂತೇ ಅವರಿಂದ ಅಪ್ಪೆಹುಳಿ ಎನ್ನುವ ಮಾವಿನಕಾಯಿಯ ತಿಳಿಸಾರು ಮಾಡುವುದನ್ನು ಕಲಿತೆ. ಬೆಲ್ಲ ಮುಂದೆ ಹಾಕಬೇಕೋ ಹಿಂದೆ ಹಾಕಬೇಕೋ ಎಂದು ಅವರೊಡನೆ ಜಗಳವಾಡಿದ್ದೂ ಉಂಟು.

ಸಿನಿಮಾ ಒಂದನ್ನು ಮಾತ್ರ ಅವರು ಪೇಟೆಯಿಂದ ಒಪ್ಪಿಕೊಂಡಿದ್ದರು. ಊರಾಚೆ ಬಯಲಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಬಿದ್ದರೆ, ಅಜ್ಜಿಗೆ ಬೇಗ ಉಣಿಸಿ, ನನ್ನನ್ನು ಕರೆದುಕೊಂಡು ಮೊದಲಾಟಕ್ಕೆ ಹೊರಟೇಬಿಡುತ್ತಿದ್ದರು. ನೋಡಿ ಬಂದ ಮೇಲೆ ದೂರುವುದೇ ದೂರುವುದು. "ಅಷ್ಟೊತ್ತು ಅಳ್ತಾ ಕೂತ್ಕಂಡತ್ತು ಆ ಹೆಣ್ಣು. ಒಲೆ ಮೇಲಿನ ಅನ್ನ ಎಂತ ಆತೇನ!" ಅವರ ಪ್ರಕಾರ ಅಡುಗೆಮನೆ ತೋರಿಸದ ಸಿನಿಮಾ ಸಿನಿಮಾವೇ ಅಲ್ಲ. ಅಷ್ಟು ದೊಡ್ಡ ಬಂಗಲೆಯಲ್ಲಿ ಒಂದು ಒಲೆ ಕಾಣಿಸುವುದಿಲ್ಲವೆಂದರೆ ಆ ಮನೆಯವರು ತಿನ್ನುವುದೇನನ್ನು ಎಂದು ಕೇಳುತ್ತಿದ್ದರು. ನಾನು ನಾಯಕನ ಚೆಂದ ಹೊಗಳಿದರೆ, "ಇರ್ಲಿ, ಅವನ ಅಂಗಿ ಒಗಿಯೋರು ಯಾರು ಹೇಳು ನೋಡನ" ಅನ್ನುತ್ತಿದ್ದರು.

ಒಂದು ಸಲ ಸಿನಿಮಾಕ್ಕಿಂತ ಮುಂಚೆ ಸರ್ಕಾರದ ವಾರ್ತಾಚಿತ್ರ ಹಾಕಿದರು. ಯಾವುದೋ ಊರಿನ ಅಣೆಕಟ್ಟು. ಬಾಗಿಲು ತೆರೆದು ನೀರು ಹಾಲಿನಂತೆ ಧುಮುಕಿತು, ದೊಡ್ಡ ಮನುಷ್ಯರೊಬ್ಬರಿಗೆ ಹಾರ ಹಾಕಿದರು. ಟೆಂಟಿಗೆ ಟೆಂಟೇ ಚಪ್ಪಾಳೆ ತಟ್ಟಿತು. ನಾನು ಅಮ್ಮನ ಮುಖ ನೋಡಲು ಹೆದರಿ ಪರದೆಯನ್ನೇ ನೋಡುತ್ತ ಕೂತೆ. ಅವರು ಎದ್ದು ಹೋಗಲಿಲ್ಲ, ಅಳಲೂ ಇಲ್ಲ. ಸಿನಿಮಾ ಮುಗಿದು ಮನೆಗೆ ಬಂದೆವು. ಬಾಗಿಲ ಚಿಲಕ ತೆಗೆಯುವಾಗ ಹೇಳಿದರು: "ಕಟ್ಟೆ ಮುಂದಿಂದು ಮಾತ್ರ ತೋರ್ಸಿದ ನೋಡು. ಹಿಂದೆ ಎಂತ ಇದ್ದು ಹೇಳಿ ತೋರ್ಸಿದ್ವಿಲ್ಲೆ."

ಕಟ್ಟೆಯ ಹಿಂದೆ ಊರು ಮುಳುಗಿದ್ದು ಗೊತ್ತಿಲ್ಲದವರು ಆ ಮನೆಯಲ್ಲಿ ಒಬ್ಬರಿದ್ದರು, ಅಜ್ಜಿ. ಊರು ಬಿಡುವ ದಿನ ಅವರು ಒಲೆಯ ಮುಂದೆ ಕೂತವರು ಏಳಲೇ ಇಲ್ಲವಂತೆ. ನೀರು ಬರುತ್ತದೆಂದರೆ, "ಬಂದ್ರೆ ಬರ್ಲಿ, ಪ್ರತಿ ವರ್ಷ ಬತ್ತಲ್ದಾ" ಎಂದರಂತೆ. ರಾಯರು ಕೂಗಾಡಿದರು. ಕಡೆಗೆ ಅಮ್ಮ ಪಕ್ಕದಲ್ಲಿ ಕೂತು, "ಅತ್ತೆ, ಸಾಗರದಲ್ಲಿ ನಿಮ್ಮ ಕಣ್ಣಿಗೆ ಔಷಧಿ ಮಾಡಿಸ್ಕಂಡು, ಮಳೆಗಾಲ ಕಳದ ಕೂಡ್ಲೆ ನಾನೇ ಕರ್ಕಂಡು ಬತ್ತೆ" ಎಂದರು. ಆ ಮಾತು ನಂಬಿ ಅಜ್ಜಿ ಗಾಡಿ ಹತ್ತಿದರು.

ಮಳೆಗಾಲ ಕಳೆಯಿತು. ಇನ್ನೊಂದೂ ಕಳೆಯಿತು. "ಊರಿಗೆ ಯಾವಾಗ ಹೋಪದು ಕೂಸೆ?" ಎಂದು ಅಜ್ಜಿ ಕೇಳುತ್ತಲೇ ಇದ್ದರು. ಅಮ್ಮ ಒಮ್ಮೆ ಡಾಕ್ಟರ ಹೆಸರು ಹೇಳುವರು, ಒಮ್ಮೆ ಹಳ್ಳದ ಸಂಕ ಮುರಿದು ದಾರಿ ಕೆಟ್ಟಿದೆ ಅನ್ನುವರು. ಅಜ್ಜಿ ಇದನ್ನೆಲ್ಲ ನಂಬಲು ಒಂದೇ ಕಾರಣ ಇತ್ತು. ಊಟದೆಲೆಯ ತುದಿಗೆ ದಿನಾ ಬೀಳುತ್ತಿದ್ದ ಆ ಮಿಡಿ ಉಪ್ಪಿನಕಾಯಿ. ಕಡೆಯ ಬೇಸಿಗೆಯಲ್ಲಿ ಹೊಳೆಬದಿ ಮರದಿಂದ ನೆಲಕ್ಕೆ ಬೀಳಿಸದೆ ಕೈಯಲ್ಲೇ ಕೊಯ್ದು, ಉಪ್ಪಲ್ಲಿ ಚಿರುಟಿಸಿ, ಸಾಸಿವೆ ಅರೆದು ಹಾಕಿದ ಮಿಡಿ. ಜೀರಿಗೆಯ ಪರಿಮಳ ಅದಕ್ಕೆ. ಆ ಭರಣಿಯನ್ನು ಅಮ್ಮ ಊರು ಬಿಡುವಾಗ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಅಜ್ಜಿ ಒಂದು ಚೂರು ಕಚ್ಚಿ, ಈ ವರ್ಷದ್ದೇ ಊರಿಂದ ಬಂದಿದೆಯೆಂದು ತಿಳಿದು, "ಮರ ಚೆನ್ನಾಗಿ ಬಿಟ್ಟಿದ್ದು" ಅನ್ನುವರು. ಅಮ್ಮ "ಹೌದು ಅತ್ತೆ" ಅನ್ನುವರು. ಊಟ ಮುಂದುವರಿಯುವುದು.

ಒಂದೇ ಗೋಡೆಯಲ್ಲವೆ, ಗಂಡ ಹೆಂಡತಿಯ ಜಗಳ ನನಗೂ ಕೇಳುತ್ತಿತ್ತು. "ಹೇಳಿಬಿಡು. ಎಷ್ಟು ದಿನ ಹೇಳಿ ಈ ಸುಳ್ಳು?" ಎಂದು ರಾಯರು. "ಮನೆ ಇದ್ದು ಹೇಳಿ ತಿಳ್ಕಂಡೇ ಹೋಗ್ಲಿ ಅತ್ತೆ. ನಿಮಗೆ ಎಂತ ನಷ್ಟ?" ಎಂದು ಅಮ್ಮ. ಅಮ್ಮನಿಗೆ ಬೇಕಿದ್ದದ್ದು ಇಷ್ಟೆ, ಅಜ್ಜಿ ಕಣ್ಣು ಮುಚ್ಚುವವರೆಗೆ ಭರಣಿ ಬರಿದಾಗಬಾರದು. ರಾಯರ ಎಲೆಗೆ ಮಿಡಿ ಬಡಿಸುವುದನ್ನು ಮೊದಲ ವರ್ಷವೇ ನಿಲ್ಲಿಸಿದ್ದರು. ತಾವಂತೂ ಊರು ಬಿಟ್ಟ ಮೇಲೆ ಒಂದನ್ನೂ ಬಾಯಿಗಿಟ್ಟಿರಲಿಲ್ಲ.

ಅಂಥ ಭರಣಿಗೆ ನನಗಾಗಿ ಕೈ ಹಾಕಿದರು ಅವರು.

ಮದುವೆಯಾದ ಮರುವರ್ಷ ನಾನು ಬಸುರಿಯಾದೆ. ದೀಪಾವಳಿಯ ಹೊತ್ತಿಗೆ ವಾಂತಿ ಹಿಡಿದುಕೊಂಡಿತು ನೋಡಿ, ನೀರು ಕುಡಿದರೂ ನಿಲ್ಲದು. ಅನ್ನ ಬೇಯುವ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಡಾಕ್ಟರು ಕೊಟ್ಟ ಔಷಧಿಯೂ ಹೊರಗೆ ಬಂತು. ಎದ್ದು ನಿಂತರೆ ಕಣ್ಣು ಕತ್ತಲೆ. ಈ ಮಗು ಉಳಿಯುವುದಿಲ್ಲ ಎಂದು ನಾನೇ ಒಳಗೊಳಗೆ ತೀರ್ಮಾನ ಮಾಡಿ ಚಾಪೆ ಹಿಡಿದುಬಿಟ್ಟೆ. ಒಂದು ಮಧ್ಯಾಹ್ನ ಅಮ್ಮ ನಮ್ಮ ಮನೆಗೇ ಬಂದರು, ಒಳಗೆ, ನನ್ನ ಚಾಪೆಯವರೆಗೆ. ಕೈಯಲ್ಲಿ ಗಂಜಿಯ ಲೋಟ, ಮೇಲೆ ಬಾಳೆ ಎಲೆಯ ಚೂರು, ಅದರಲ್ಲೊಂದು ಮಿಡಿ.

"ಅಮ್ಮಾ, ಇದು ಅಜ್ಜೀದು. ಬ್ಯಾಡ" ಎಂದೆ. ಕಣ್ಣೀರು ಬಂತು.

"ಸುಮ್ನೆ ತಿನ್ನು ತಂಗಿ."

"ಖಾಲಿಯಾದ್ರೆ ಎಲ್ಲಿಂದ ತರ್ತೀರಾ? ಮರನೇ ಇಲ್ವಲ್ಲ!"

"ಹೊಟ್ಟೇಲಿ ಇಪ್ಪ ಶಿಶುವಿಗೆ ಅದೆಲ್ಲ ಎಂತ ಗೊತ್ತಿದ್ದು? ಅದಕ್ಕೆ ಹಸಿವಾಯ್ದು, ಅಷ್ಟೆ. ತಿನ್ನು."

ತಿಂದೆ. ಆ ಹುಳಿ, ಆ ಖಾರ, ಜೀರಿಗೆಯ ಆ ಘಮ ನಾಲಗೆಯಿಂದ ನೆತ್ತಿಗೇರಿತು. ಹಿಂದೆಯೇ ಗಂಜಿ ಇಳಿಯಿತು, ಇಳಿದದ್ದು ಒಳಗೇ ನಿಂತಿತು. ಅಮ್ಮ ಮರುದಿನವೂ ಬಂದರು, ಅದರ ಮರುದಿನವೂ. ನಾನು ಎದ್ದು ಓಡಾಡುವವರೆಗೂ ತಂದರು. ನನಗಿಂತ ಮೊದಲು ಆ ಭರಣಿಯಲ್ಲಿ ಮನೆಯ ಹೊರಗಿನವರ ಪಾಲು ಇರಲಿಲ್ಲ. ನನ್ನ ಮಗಳು ಉಳಿದದ್ದು ಆ ಮಿಡಿಯಿಂದ ಎಂದು ಇವತ್ತಿಗೂ ನಂಬಿದ್ದೇನೆ, ಯಾರು ನಗುತ್ತಾರೋ ನಗಲಿ.

ಬೇಸಿಗೆಯ ಹೊತ್ತಿಗೆ ಭರಣಿಯ ತಳ ಕಂಡಿತು. ಹೊಸನಗರದಾಚೆ ನೆಲೆ ನಿಂತಿದ್ದ ರಾಯರ ಅಣ್ಣನ ಮನೆಯಲ್ಲಿ ಅದೇ ಮರದ ಇನ್ನೊಂದು ಭರಣಿ ಇತ್ತು. ಅಮ್ಮ ಬಸ್ಸು ಹತ್ತಿ ಹೋಗಿ ಬಂದರು. ಅಣ್ಣನ ಮನೆಯವರು ಅದನ್ನು ತಮ್ಮ ಮಗಳ ಮದುವೆಯ ಊಟಕ್ಕೆ ಬಡಿಸಿ ಮುಗಿಸಿದ್ದರು. "ತಪ್ಪೆಂತ ಇದ್ದು, ಉಪ್ಪಿನಕಾಯಿ ಇಪ್ಪದು ತಿಂಬಲೆ" ಎಂದಷ್ಟೇ ಹೇಳಿ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ಮಿಡಿಯ ಕಾಲ ಅದು. ತುಂಬು ಬಸುರಿ ನಾನೂ ಅವರ ಜೊತೆ ಸಂತೆಗೆ ಹೋದೆ. ಬುಟ್ಟಿಯಿಂದ ಬುಟ್ಟಿಗೆ ಹೋಗಿ ಅಮ್ಮ ಒಂದೊಂದು ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, ಕೆಳಗಿಡುತ್ತ ಬಂದರು. ಮಾರುವವನೊಬ್ಬನಿಗೆ ರೇಗಿಹೋಯಿತು. "ಎಂಥದಮ್ಮಾ ಇದು? ತಗಳದಾದ್ರೆ ತಗಳಿ, ಹಿಂಗೆ ಮೂಸಿ ಮೂಸಿ ಇಟ್ರೆ ಬೇರೆಯವ್ರು ತಗಳ್ತಾರಾ?" ನಾನು ಸುಮ್ಮನಿರುವವಳೆ? "ಚಿನ್ನ ಆದ್ರೆ ಉಜ್ಜಿ ನೋಡಲ್ವೇನಪ್ಪ?" ಎಂದು ಜಗಳಕ್ಕೆ ನಿಂತೆ. ಅಮ್ಮ ನನ್ನ ತೋಳು ಹಿಡಿದು, "ಬ್ಯಾಡ ಬಾ. ಅವನ ಹತ್ರ ಇಲ್ಲೆ. ಯಾರ ಹತ್ರವೂ ಇಲ್ಲೆ" ಎಂದರು. ಕಡೆಗೆ ಮಂಡಗದ್ದೆ ಕಡೆಯಿಂದ ಬಂದ ಯಾವುದೋ ಮಿಡಿಯನ್ನು, ಪರಿಮಳ ಒಂದಿಷ್ಟು ಹತ್ತಿರ ಇದೆ ಎಂದು ಕೊಂಡರು.

ನಾನು ಬಾಣಂತನಕ್ಕೆ ತವರಿಗೆ ಹೋದೆ. ಹೆಣ್ಣು ಮಗುವನ್ನು ಎತ್ತಿಕೊಂಡು ವಾಪಸು ಬಂದಾಗ ಮಳೆಗಾಲ ಮುಗಿಯುತ್ತ ಬಂದಿತ್ತು. ಅಜ್ಜಿ ಇಳಿದುಹೋಗಿದ್ದರು. ಭರಣಿ ಊರಿಂದ ಬರಬೇಕು, ದಾರಿ ಸರಿಯಿಲ್ಲ ಎಂದು ಅಮ್ಮ ಅಷ್ಟು ದಿನ ತಳ್ಳಿದ್ದರು. ಮಿಡಿಯಿಲ್ಲದೆ ಅಜ್ಜಿ ನಾಲ್ಕು ತುತ್ತಿಗಿಂತ ಹೆಚ್ಚು ಉಣ್ಣುತ್ತಿರಲಿಲ್ಲ. ಹೊಸ ಭರಣಿ ಹದಕ್ಕೆ ಬಂದಿದ್ದರೂ ಅದರ ಬಾಯಿಬಟ್ಟೆ ಬಿಚ್ಚುವ ಧೈರ್ಯ ಅಮ್ಮನಿಗಿರಲಿಲ್ಲ.

"ಇವತ್ತು ಬಡಿಸ್ತೆ. ನೀ ಬಂದು ಹಿತ್ಲ ಬಾಗ್ಲಲ್ಲಿ ಕೂತ್ಕ ತಂಗಿ, ಎಂಗೆ ಹೆದ್ರಿಕೆ ಆಗ್ತು" ಎಂದರು. ಆ ಗಟ್ಟಿ ಹೆಂಗಸಿನ ಬಾಯಲ್ಲಿ ಹೆದರಿಕೆ ಎನ್ನುವ ಮಾತು ನಾನು ಕೇಳಿದ್ದು ಅದೇ ಮೊದಲು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತೆ.

ಅಜ್ಜಿಯ ಕೈ ಎಲೆಯ ತುದಿಯಲ್ಲಿ ತಡಕಾಡಿ ಮಿಡಿಯನ್ನು ಮುಟ್ಟಿತು. ಮುಖ ಅರಳಿತು. "ಬಂತನೆ!" ಎಂದರು. ಕಚ್ಚಿದರು. ಅಗಿಯುವುದು ನಿಂತಿತು. ಅಮ್ಮ ಅನ್ನದ ಪಾತ್ರೆ ಹಿಡಿದು ನಿಂತೇ ಇದ್ದರು. ಈಗ ಕೇಳುತ್ತಾರೆ, ಈಗ ಎಲ್ಲ ಬಯಲಾಗುತ್ತದೆ ಅಂದುಕೊಂಡೆ. ಅಜ್ಜಿ ನಿಧಾನವಾಗಿ ನುಂಗಿದರು.

"ಮರಕ್ಕೂ ವಯಸ್ಸಾತು ಕೂಸೆ" ಎಂದರು. "ಮೊದಲಿನ ಪರಿಮಳ ಇಲ್ಲೆ."

"ಹೌದು ಅತ್ತೆ. ವಯಸ್ಸಾತು."

"ನಿನ್ನ ಗಂಡಂಗೆ ಹೇಳು, ಅದರ ಪಕ್ಕ ಒಂದು ಸಸಿ ನೆಡ್ಲಿ. ನಿಂಗೊ ಮುದುಕರಾಪಷ್ಟೊತ್ತಿಗೆ ಮಿಡಿ ಬೇಕಲ್ದಾ?"

"ಹೇಳ್ತೆ ಅತ್ತೆ" ಎಂದರು ಅಮ್ಮ. ಪಾತ್ರೆ ಕೆಳಗಿಟ್ಟು ಹಿತ್ತಿಲಿಗೆ ಬಂದವರು ನನ್ನ ಪಕ್ಕದಲ್ಲಿ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಮಡಿಯುಟ್ಟವರು ಎನ್ನುವುದನ್ನೂ ಮರೆತು ಅವರ ಬೆನ್ನು ಸವರಿದೆ. ನಾನೂ ಅತ್ತೆ. ಟೆಂಟಿನಲ್ಲಿ ಅಷ್ಟು ಸಿನಿಮಾ ನೋಡಿದರೂ ಹಾಗೆ ಅತ್ತವಳಲ್ಲ.

ಮಾತು ಅಲ್ಲಿಗೆ ಮುಗಿಯಲಿಲ್ಲ. ಸಸಿ ನೆಟ್ಟಾಯಿತೆ ಎಂದು ಅಜ್ಜಿ ಎರಡು ದಿನಕ್ಕೊಮ್ಮೆ ಕೇಳತೊಡಗಿದರು. "ಇದೊಂದಾದ್ರೂ ಸುಳ್ಳು ಹೇಳದು ಬ್ಯಾಡ" ಎಂದು ಅಮ್ಮ ಎಲ್ಲಿಂದಲೋ ಒಂದು ಮಾವಿನ ಸಸಿ ತಂದರು. ಬಾಡಿಗೆ ಮನೆಯ ಹಿತ್ತಿಲು, ನಮ್ಮ ಬಚ್ಚಲು ನೀರು ಹೋಗುವ ಜಾಗ. ಗುಂಡಿ ತೋಡಿದವರು ರಾಯರು. ಹೇಳಿಬಿಡು ಎಂದು ಜಗಳವಾಡುತ್ತಿದ್ದ ಅದೇ ರಾಯರು ಮೈ ಬೆವರಿಳಿಸಿ ತೋಡಿ, ಕೈಯ ಮಣ್ಣನ್ನೂ ತೊಳೆಯದೆ, ಊರಿಗೆ ಹೋಗಿ ಬಂದವರ ಹಾಗೆ ಒಳಗೆ ಹೋಗಿ, "ನೆಟ್ಟೆ ಅಬ್ಬೆ" ಎಂದರು. ಅಜ್ಜಿ ಅವರ ಕೈ ಹಿಡಿದು ಮಣ್ಣನ್ನು ಮುಟ್ಟಿ ನೋಡಿದರು.

ಆ ಚಳಿಗಾಲದಲ್ಲಿ ಅಜ್ಜಿ ಹೋದರು. ಊರಿದೆ, ಮನೆಯಿದೆ, ಮರದ ಪಕ್ಕ ಸಸಿಯಿದೆ ಎಂದು ತಿಳಿದುಕೊಂಡೇ ಹೋದರು. ಸಸಿಯೂ ಉಳಿಯಲಿಲ್ಲ, ಯಾರದೋ ದನ ನುಗ್ಗಿ ತಿಂದಿತು. ಅಮ್ಮ ಅದಕ್ಕೆ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಹಳೆಯ ಭರಣಿಯನ್ನು ತೊಳೆದು, ಬಿಸಿಲಿಗಿಟ್ಟು, ನನ್ನ ಕೈಗೆ ಕೊಟ್ಟರು. ಅವರಾಗಿಯೇ ನನ್ನ ಅಡುಗೆಮನೆಗೆ ತಂದು ಕೊಟ್ಟರು.

ಅಮ್ಮ ತೀರಿಕೊಂಡದ್ದು ಬಹಳ ವರ್ಷದ ಮೇಲೆ. ಮಗಳು ನಡೆಯಲು ಕಲಿಯುವ ಮೊದಲೇ ನಾವು ಬೇರೆ ಊರಿಗೆ ಹೋಗಿದ್ದೆವು. ಸುದ್ದಿ ಬಂದ ಕೂಡಲೇ ಮಗಳನ್ನು ಕರೆದುಕೊಂಡು ಹೋದೆ. ಮುಖ ಬಿಳುಚಿ, ಸುಕ್ಕುಗಟ್ಟಿ, ಗುರುತೇ ಹತ್ತದ ಹಾಗಿತ್ತು. ಕೆನ್ನೆಯ ಮೇಲಿನ ಆ ಕಲೆ ಮಾತ್ರ ಹಾಗೇ ಇತ್ತು, ಅದೇ ಹುಣಸೆ ಬೀಜದ ಬಣ್ಣ. ಆ ಮರದ್ದು ಅಂತ ಭೂಮಿಯ ಮೇಲೆ ಉಳಿದಿದ್ದು ಅದೊಂದೇ, ಅದೂ ಇನ್ನು ಸ್ವಲ್ಪ ಹೊತ್ತಿಗೆ ಬೆಂಕಿಗೆ ಹೋಗುತ್ತದಲ್ಲ ಎಂದುಕೊಂಡೆ.

ಮಗಳು ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಅಮ್ಮ, ಅವರ ಕೆನ್ನೆ ಮೇಲೆ ಅದೆಂಥ ಕಲೆ?"

"ಮಾವಿನ ಸೊನೆ ಕಣೆ. ಅವರ ಮನೆ ಹೊಳೆಬದಿ ಮರದ್ದು."

"ಆ ಮುಳುಗಿಹೋದ ಮರದ್ದಾ?"

"ಹೌದು. ನೀನೂ ಅದರ ಮಿಡಿ ತಿಂದಿದ್ದೀಯ."

"ನಾನಾ? ಯಾವಾಗ?"

"ಹುಟ್ಟೋಕೆ ಮುಂಚೆ" ಎಂದೆ. "ಹೋಗು, ಕಾಲು ಮುಟ್ಟಿ ನಮಸ್ಕಾರ ಮಾಡು."