ಸೂಜಿಯಕ್ಕನ ಕಾರಿಗೆ ಅಲಾರಂ

ನಮ್ಮಕ್ಕನನ್ನು ಊರೆಲ್ಲ ಸೂಜಿಯಕ್ಕ ಎಂದೇ ಕರೆಯುವುದು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಲ್ಯಾಬಿನವರೆಗೆ ಬರಲಾಗದವರ ಮನೆಗಳಿಗೆ ಬೆಳಗ್ಗೆ ಬೆಳಗ್ಗೆಯೇ ಹೋಗಿ, ರಕ್ತ ತೆಗೆದು, ಐಸಿನ ಡಬ್ಬಿಯಲ್ಲಿಟ್ಟು ತರಬೇಕು. ಅವಳದೊಂದು ಹಟ: ಒಬ್ಬರಿಗೆ ಒಂದೇ ಚುಚ್ಚು. ನರ ಸಿಗಲಿಲ್ಲವೆಂದು ಅಲ್ಲಿ ಇಲ್ಲಿ ಚುಚ್ಚುವವರನ್ನು ಕಂಡರೆ ಅವಳಿಗೆ ಪಿತ್ತ ನೆತ್ತಿಗೇರುತ್ತದೆ. "ಅದೇನು ತೋಳೋ, ಗೋಣಿಚೀಲವೋ?" ಎಂದು ಜೊತೆಯವರನ್ನೇ ಗದರಿದವಳು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ, "ಪುರುಸೊತ್ತು ಸಿಗ್ಲಿಲ್ಲ" ಎಂದು ಬಾಯಿ ಮುಚ್ಚಿಸುತ್ತಾಳೆ. ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಅಲೆದು ಅಲೆದು, ಐವತ್ತು ದಾಟಿದ ಮೇಲೆ ತನ್ನ ದುಡಿಮೆಯಿಂದಲೇ ಒಂದು ಹೊಸ ಕಾರು ಕೊಂಡಳು.

ನಮ್ಮಣ್ಣ ಒಳ್ಳೆಯವನು. ಬಂದಿರುವ ತೊಂದರೆಯೇ ಅದು. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ. ನಾವು ದೊಡ್ಡವರಾದೆವು ಅನ್ನುವುದನ್ನು ಮಾತ್ರ ಪುಣ್ಯಾತ್ಮನಿಗೆ ಯಾರೂ ತಿಳಿಸಿದಂತಿಲ್ಲ. ನಾನು ಮದುವೆಯಾಗಿ ಎರಡು ಬೀದಿ ಆಚೆ ಹೋಗಿ ಬಚಾವಾದೆ. ಅಕ್ಕ ಅವನ ಮನೆಯ ಮಹಡಿಯ ಕೋಣೆಯಲ್ಲೇ ಉಳಿದಳು. ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಬರ್ತೀಯ, ಜೊತೆಗೆ ಯಾರು ಎಂದು ಅವನು ಚಪ್ಪಲಿ ಸ್ಟ್ಯಾಂಡಿನ ಹತ್ತಿರವೇ ನಿಂತು ವಿಚಾರಿಸುತ್ತಿದ್ದ. ಕಾರು ಬಂದ ದಿನ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಒಂದಿನ ಯಾರಿಗೂ ಹೇಳ್ದೆ ಎಲ್ಲಿಗಾದ್ರೂ ಹೋಗಿ ಬರ್ಬೇಕು ಕಣೇ. ಕೆಲಸ ಗಿಲಸ ಏನಿಲ್ಲ, ಬರೀ ಹೋಗಿ ಬರ್ಬೇಕು" ಎಂದಳು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಕಾರು ನಿಂದು, ಅಲಾರಂ ನನ್ನ ಲೆಕ್ಕದಲ್ಲಿ" ಎಂದು ಅಣ್ಣ ನಮ್ಮಿಬ್ಬರನ್ನೂ ಕಾರಿನ ಸಾಮಾನಿನ ಅಂಗಡಿಗೆ ಹೊರಡಿಸಿದ. ಸೀಟಿನ ಕವರು, ಸ್ಟೀರಿಂಗ್ ಕವರುಗಳ ಮಧ್ಯೆ ಅಂಗಡಿಯವನು ಡಬ್ಬಿಗಳನ್ನು ಸಾಲಾಗಿ ಇಟ್ಟ.

"ನೋಡಿ ಸಾರ್, ಇದು ಮುಟ್ಟಿದ್ರೆ ಕೂಗುತ್ತೆ, ಅಷ್ಟೇ. ಇದು ಕೂಗೋದರ ಜೊತೆಗೆ ದೀಪಾನೂ ಮಿಣುಕಿಸುತ್ತೆ. ಇದಿದೆಯಲ್ಲ, ಇದರ ಮಾತೇ ಬೇರೆ. ಕಾರು ಎಲ್ಲಿದೆ ಅಂತ ಕೂತಲ್ಲೇ ಫೋನಲ್ಲಿ ನೋಡ್ಬಹುದು. ಮ್ಯಾಪಲ್ಲಿ ಹೀಗೆ ಒಂದು ಸುತ್ತು ಗೆರೆ ಹಾಕಿಟ್ರೆ, ಕಾರು ಅದನ್ನ ದಾಟಿದ ತಕ್ಷಣ ಫೋನ್ ಬಡ್ಕೊಳ್ಳುತ್ತೆ. ಈ ಗುಂಡಿ ಒತ್ತಿದ್ರೋ, ನಿಲ್ಲಿಸಿದ ಗಾಡಿ ಮತ್ತೆ ಸ್ಟಾರ್ಟೇ ಆಗಲ್ಲ!"

ಅಣ್ಣನ ಕಣ್ಣು ಅರಳಿತು. ಅಕ್ಕ ಮೊದಲನೆಯ ಡಬ್ಬಿಯ ಮೇಲೆ ಬೆರಳಿಟ್ಟು, "ನನಗೆ ಕೂಗೋದು ಸಾಕು" ಎಂದಳು.

"ಕೂಗಿದ್ರೆ ಯಾರು ಎದ್ದು ಬರ್ತಾರೆ ಈ ಕಾಲದಲ್ಲಿ? ಸುಮ್ನಿರು, ನಿನಗೆ ಗೊತ್ತಾಗಲ್ಲ" ಎಂದ ಅಣ್ಣ.

"ಫೋನ್ ನಂಬರ್ ಯಾರದು ಹಾಕ್ಲಿ?" ಎಂದು ಅಂಗಡಿಯವನು ಕೇಳಿದ. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ತನ್ನ ನಂಬರ್ ಒಪ್ಪಿಸಿಯಾಗಿತ್ತು. ನನಗೆ ಮೈ ಉರಿದುಹೋಯಿತು.

"ಓಡಿಸೋಳು ಅವಳು, ನಂಬರ್ ನಿಂದಾ?" ಎಂದೆ.

"ಕಳ್ಳನ ಹಿಂದೆ ಇವಳು ಓಡ್ತಾಳಾ?" ಎಂದು ಅಣ್ಣ ನಕ್ಕ. ಅಂಗಡಿಯವನೂ ಹಲ್ಲು ಕಿರಿದ. ಹತ್ತು ಜನರ ಎದುರು ಅಣ್ಣನ ಮಾತು ಮುರಿಯುವುದು ಬೇಡವೆಂದು ಅಕ್ಕ ತುಟಿಪಿಟಕ್ಕೆನ್ನಲಿಲ್ಲ. ಅಂಥ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಬೀಳ!

ಅಣ್ಣ ಊರಿನ ಸುತ್ತ ಗೆರೆ ಹಾಕಿಟ್ಟ. ಸ್ವಲ್ಪ ದಿನ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಇಟ್ಟಿಗೆ ಗೂಡುಗಳ ಆಚೆ, ಆ ಗೆರೆಯ ಹೊರಗಿದ್ದ ಒಂದು ಮನೆಯಿಂದ ಅಕ್ಕನಿಗೆ ಕರೆ ಬಂತು. ಪುಟ್ಟ ಹುಡುಗಿ, ಜ್ವರ ಬಿಡುತ್ತಿರಲಿಲ್ಲ. ಸೂಜಿ ಎಂದರೆ ಸಾಕು, ಬೀರುವಿನ ಸಂದಿಗೆ ನುಗ್ಗುವ ಮಗು. ಅಕ್ಕ ನೆಲದ ಮೇಲೆ ಕೂತು, "ಒಂದೇ ಸಲ. ಎರಡನೇ ಸಲ ಚುಚ್ಚಿದ್ರೆ ನೀನು ನನಗೆ ಚುಚ್ಚು, ಆಯ್ತಾ?" ಎಂದು ಪುಸಲಾಯಿಸಿ ಹೊರಗೆ ತಂದಳಂತೆ. ತೋಳು ಹಿಡಿದಾಗ ಅವಳು ಫೋನು ಮುಟ್ಟುವುದಿಲ್ಲ. ಬ್ಯಾಗಿನೊಳಗೆ ಅಣ್ಣನ ಕರೆಗೆ ಅವಳ ಫೋನು ಗುಂಯ್‌ಗುಡುತ್ತಲೇ ಇತ್ತು.

ರಕ್ತ ತೆಗೆದು ಹೊರಗೆ ಬಂದರೆ ಕಾರು ಮಿಸುಕಲಿಲ್ಲ. ಅಣ್ಣನಿಗೆ ಫೋನ್ ಮಾಡಿದಳು. ಅವನು ಮೊದಲು ಯಾರ ಮನೆ, ಯಾಕೆ ಹೋದೆ, ಫೋನ್ ಯಾಕೆ ಎತ್ತಲಿಲ್ಲ ಎಂದು ವಿಚಾರಣೆ ಮುಗಿಸಿದ. ಆಮೇಲೆ ಬಿಡಿಸಲೆಂದು ಗುಂಡಿ ಒತ್ತಿದ. ನಿಲ್ಲಿಸುವಾಗ ಸಿಕ್ಕ ಸಿಗ್ನಲ್ಲು ಬಿಡಿಸುವಾಗ ಸಿಗಲಿಲ್ಲ. ಬಿಸಿಲೇರಿತು, ಐಸು ನೀರಾಯಿತು. ಯಾರದೋ ಇಟ್ಟಿಗೆ ಲಾರಿ ಹತ್ತಿ ಲ್ಯಾಬ್ ಸೇರಿದರೆ, ಅಲ್ಲಿಯವರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, "ಹಾಳಾಗಿದೆ ಅಕ್ಕಾ, ಮತ್ತೆ ತೆಗೀಬೇಕು" ಎಂದರು.

ಅವತ್ತು ಸಂಜೆ ನಾನು ಹೋದಾಗ ಅಕ್ಕ ಅಂಗಳದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಅಂಗಡಿಯವನು ಬಂದು ಬಿಡಿಸಿಕೊಟ್ಟ ಕಾರು ಅವಳ ಹಿಂದಿತ್ತು.

"ಕಳ್ಳ ಅಂದ್ಕೊಂಡೆ ಕಣೇ. ನಿನ್ನ ಒಳ್ಳೇದಕ್ಕೇ ತಾನೇ..." ಎಂದು ಅಣ್ಣ ಶುರುಮಾಡಿದ.

"ಯಾವ ಕಳ್ಳ? ನನ್ನ ಕಾರನ್ನ ನಾನೇ ಕದ್ಕೊಂಡು ಹೋದ್ನಾ? ಆ ಮಗೂಗೆ ಮಾತು ಕೊಟ್ಟಿದ್ದೆ. ನಾಳೆ ಮತ್ತೆ ಚುಚ್ಚಬೇಕು. ನೀನೂ ಬಾ. ಯಾಕೆ ಅಂತ ಅದಕ್ಕೆ ನೀನೇ ಹೇಳು."

"ನನಗೆ ಕೆಲಸ ಇದೆ."

"ನಿನಗೇನು ಕೆಲಸ? ಇಡೀ ದಿನ ಫೋನಲ್ಲಿ ನನ್ನ ಕಾರು ನೋಡೋದು ತಾನೇ! ಬೆಳಗ್ಗೆ ಸುಮ್ನೆ ಗಾಡಿ ಹತ್ತು."

ಅಕ್ಕ ಅಣ್ಣನಿಗೆ ಎದುರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮಾರನೆಯ ಬೆಳಗ್ಗೆ ಅಣ್ಣ ಮುಖ ಊದಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತ. ನಾನು ಮುಂದೆ ಕೂತೆ, ಇದನ್ನು ತಪ್ಪಿಸಿಕೊಳ್ಳುವುದುಂಟೆ! ಅಕ್ಕನನ್ನು ಕಂಡದ್ದೇ ಹುಡುಗಿ ಬೀರುವಿನ ಸಂದಿಗೆ ಓಡಿದಳು. "ಒಂದೇ ಸಲ ಅಂದಿದ್ರಿ! ಸುಳ್ಳು ಹೇಳಿದ್ರಿ!" ಎಂದು ಅಳತೊಡಗಿದಳು. ಅಕ್ಕನ ಮುಖ ಸಣ್ಣದಾಯಿತು. ಇಷ್ಟು ವರ್ಷಗಳಲ್ಲಿ ಅವಳಿಗೆ ಆ ಮಾತು ಅಂದವರೇ ಇಲ್ಲ.

"ಹೌದು ಪುಟ್ಟಿ, ಮಾತು ತಪ್ಪಿತು. ಯಾಕೆ ಅಂತ ಇವರನ್ನ ಕೇಳು" ಎಂದಳು.

ಅಣ್ಣ ಗಂಟಲು ಸರಿಮಾಡಿಕೊಂಡ. "ಅದು... ಕಾರು ಕಳ್ಳತನ ಆಯ್ತು ಅಂದ್ಕೊಂಡು, ನಾನು..."

"ಕಳ್ಳ ಬಂದಿದ್ನಾ?" ಹುಡುಗಿ ಅಳು ನಿಲ್ಲಿಸಿ ಇಣುಕಿದಳು.

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಣ್ಣ ಅಕ್ಕನನ್ನು ನೋಡಿದ. ಅವಳು ಅವನ ಮೇಲಿಂದ ಕಣ್ಣು ಕೀಳಲಿಲ್ಲ.

"ಇಲ್ಲಮ್ಮ. ಕಳ್ಳ ಅಲ್ಲ ಅಂತ ಗೊತ್ತಿತ್ತು. ಇವಳು ನನ್ನ ಫೋನ್ ಎತ್ತಲಿಲ್ಲ ಅಂತ ಸಿಟ್ಟು ಬಂತು. ಅದಕ್ಕೆ ನಿಲ್ಲಿಸಿಬಿಟ್ಟೆ."

ಅಕ್ಕ ಚೀಲದಿಂದ ಸಕ್ಕರೆ ಕಾಯಿಲೆಯವರ ಬೆರಳು ಚುಚ್ಚುವ ಪೆನ್ನು ತೆಗೆದು, ಹೊಸ ಮೊನೆ ಹಾಕಿ, ಅಣ್ಣನ ಬೆರಳನ್ನು ಹತ್ತಿಯಿಂದ ಒರೆಸಿದಳು.

"ಎರಡನೇ ಸಲ ಚುಚ್ಚಿದ್ರೆ ನೀನೂ ಚುಚ್ಚಬಹುದು ಅಂದಿದ್ನಲ್ಲ ಪುಟ್ಟಿ? ಬಾ. ತಪ್ಪು ಯಾರದೋ ಬೆರಳೂ ಅವರದೇ. ನಾನು ಹಿಡ್ಕೊಂಡಿರ್ತೀನಿ, ನೀನು ಗುಂಡಿ ಒತ್ತು."

ಸೂಜಿ ಎಂದರೆ ನಮ್ಮಣ್ಣ ಮಾರುದೂರ ಓಡುವವನು. ಬೆವರಿದ, ಆದರೆ ಕೈ ಎಳೆದುಕೊಳ್ಳಲಿಲ್ಲ. ಅಷ್ಟು ಮಾತ್ರ ಅವನ ಪರವಾಗಿ ಹೇಳುತ್ತೇನೆ. ಟಕ್ಕೆಂದಿತು. "ಅಯ್ಯಯ್ಯೋ!" ಎಂದು ಅವನು ಕಿರುಚಿದ್ದಕ್ಕೆ ಹುಡುಗಿ ಕಣ್ಣೀರಿನಲ್ಲೇ ಕಿಲಕಿಲ ನಕ್ಕಳು, ಆಮೇಲೆ ತಾನಾಗಿ ತೋಳು ಚಾಚಿದಳು. ಅಕ್ಕ ಒಂದೇ ಚುಚ್ಚಿಗೆ ತೆಗೆದಳು.

ಡಬ್ಬಿಯನ್ನು ಲ್ಯಾಬಿಗೆ ಮುಟ್ಟಿಸಿ ನೇರವಾಗಿ ಅಂಗಡಿಗೆ ಹೋದೆವು. "ಇದನ್ನ ಕಿತ್ತುಹಾಕಿ, ಕೂಗೋದನ್ನ ಹಾಕಿ" ಎಂದಳು ಅಕ್ಕ.

"ಮೇಡಂ, ಇದು ಎಲ್ಲಕ್ಕಿಂತ ಒಳ್ಳೇದು. ಸಾರ್‌ನ ಒಂದು ಮಾತು ಕೇಳಿ..."

"ಕಾರು ಸಾರ್‌ದಾ?"

ಅಂಗಡಿಯವನು ಇಂಗು ತಿಂದ ಮಂಗನಂತೆ ಅಣ್ಣನ ಕಡೆ ನೋಡಿದ. ಅಣ್ಣ ಬೆರಳಿನ ಹತ್ತಿಯನ್ನು ನೋಡಿಕೊಳ್ಳುತ್ತಿದ್ದ. ಹೊಸ ಅಲಾರಂಗೆ ರಿಮೋಟುಗಳು ಎರಡು ಬಂದವು. ಅಭ್ಯಾಸಬಲದಿಂದ ಅಣ್ಣ ಒಂದಕ್ಕೆ ಕೈಚಾಚಿದ. ಅಕ್ಕ ಎರಡನ್ನೂ ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

ಆ ಭಾನುವಾರ ಅವಳು ಯಾರಿಗೂ ಹೇಳದೆ ಎಲ್ಲಿಗೋ ಹೋಗಿ ಬಂದಳು. ಎಲ್ಲಿಗೆ ಎಂದು ನನಗೂ ಗೊತ್ತಿಲ್ಲ, ನಾನು ಕೇಳಿಯೂ ಇಲ್ಲ.

ಮರುದಿನ ಬೆಳಗ್ಗೆ ನಾನು ಅವರ ಮನೆಯ ಗೇಟು ತೆಗೆಯುವಾಗ ಬೀದಿ ಕಿತ್ತುಹೋಗುವಂತೆ ಅಲಾರಂ ಬಡಿದುಕೊಂಡಿತು. ಕಾರಿನ ಪಕ್ಕ ಅಣ್ಣ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಕೂಗಿದರೆ ಯಾರು ಬರುತ್ತಾರೆ ಎಂದಿದ್ದನಲ್ಲ, ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅಕ್ಕ ಮಹಡಿಯ ಕಿಟಕಿಯಿಂದ ತಲೆ ಹೊರಹಾಕಿದಳು. ರಿಮೋಟು ಕೈಯಲ್ಲೇ ಇತ್ತು, ಆದರೆ ಒತ್ತಲಿಲ್ಲ.

"ಯಾರದು?" ಎಂದು ಕೂಗಿದಳು.

"ನಾನು ಕಣೇ, ನಿಮ್ಮಣ್ಣ!" ಅವನು ಆ ಗದ್ದಲದ ಮೇಲೆ ಗಂಟಲೆತ್ತಿದ. ಆಮೇಲೆ ಬಕೆಟ್ಟು ಎತ್ತಿ ತೋರಿಸಿ ಕೇಳಿದ: "ಗಾಡಿ ಧೂಳಾಗಿದೆ. ಒರೆಸ್ಲಾ?"

ನಮ್ಮಣ್ಣ ಹುಟ್ಟಿದಾಗಿನಿಂದ ನಮ್ಮನ್ನು ಏನನ್ನಾದರೂ ಕೇಳಿ ಮಾಡಿದ್ದು ಅದೇ ಮೊದಲು. ಅಕ್ಕ ಅವನನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿ, ಗುಂಡಿ ಒತ್ತಿದಳು.

"ಒರೆಸು" ಎಂದಳು.