ಪುಟ್ಟಮಾದಮ್ಮನ ಹಿಟ್ಟಿನ ಕೋಲು

ಹನೂರಿನ ಬಸ್ ಸ್ಟ್ಯಾಂಡ್ ಹಿಂದಿರುವ ಶಿವಯ್ಯನ ಹೋಟೆಲಿನಲ್ಲಿ ಹಿಟ್ಟಿನ ಕೋಲು ಯಾರ ಕೈಯಲ್ಲಿರುತ್ತದೋ ಅವಳೇ ಯಜಮಾನಿ. ಆ ಕೋಲು ಶಿವಯ್ಯನ ಹೆಂಡತಿ ಪುಟ್ಟಮಾದಮ್ಮನದು. ದೊಡ್ಡ ಪಾತ್ರೆ ತುಂಬ ರಾಗಿ ಹಿಟ್ಟು ಬೇಯಿಸಿ, ಒಂದು ಗಂಟೂ ಉಳಿಯದಂತೆ ತಿರುವಿ ಮುದ್ದೆ ಕಟ್ಟುತ್ತಾಳೆ, ಇಲ್ಲವೆನ್ನಲಾರೆ. ಅದಕ್ಕೆ ಅಷ್ಟು ಜಂಬವೇ? ಪಕ್ಕದಲ್ಲೇ ಹೂವು ಮಾರುವ ನನ್ನ ಮಾಲೆಯನ್ನು ಯಾರಾದರೂ ಒಂದು ದಿನ ಹಾಗೆ ಹೊಗಳಿದ್ದುಂಟೇ?

ಮೈದುನನ ಹೆಂಡತಿ ರಾಣಿ ಮದುವೆಯಾಗಿ ಬಂದ ಮೇಲಂತೂ ಪುಟ್ಟಮಾದಮ್ಮನ ಹೊಟ್ಟೆಕಿಚ್ಚು ಹೇಳತೀರದು. ರಾಣಿ ಸಾರು ಕುದಿಸಬಹುದು, ಎಲೆ ಹಾಕಬಹುದು, ಕೋಲು ಮಾತ್ರ ಮುಟ್ಟುವಂತಿಲ್ಲ. ಯಾರಾದರೂ ಸಾರು ಚೆನ್ನಾಗಿದೆ ಅಂದರೂ ಇವಳು ಮುಖ ಸಿಂಡರಿಸುತ್ತಿದ್ದಳು.

ಹೀಗಿರುವಾಗ ಪುಟ್ಟಮಾದಮ್ಮನ ಬಲ ಮೊಣಕೈಯಲ್ಲಿ ನೋವು ಶುರುವಾಯಿತು. ಕೋಲು ಬಿಗಿಹಿಡಿದರೆ ಚಳಕ್ ಅನ್ನುತ್ತಿತ್ತು. ಗಂಡನಿಗೂ ಹೇಳಲಿಲ್ಲ. ಕದ್ದು ಮುಲಾಮು ತಿಕ್ಕಿದಳು, ಬಟ್ಟೆ ಬಿಗಿದು ಸೆರಗಿನಲ್ಲಿ ಮುಚ್ಚಿದಳು. ತಿಂಗಳುಗಟ್ಟಲೆ ಹೀಗೇ ತಳ್ಳಿದಳು.

"ಅಕ್ಕ, ಕೈ ನೋಯ್ತದಾ? ಕೋಲು ಕೊಡಕ್ಕ, ವಸಿ ನಾ ತಿರುವ್ತೀನಿ" ಅಂದಳು ರಾಣಿ.

"ನೋವೂ ಇಲ್ಲ ಗೀವೂ ಇಲ್ಲ. ಬಂದಾಗ್ಲಿಂದ ನಿನ್ ಕಣ್ಣು ಈ ಕೋಲ್ ಮ್ಯಾಲೇ ಅದ ಕಣಮ್ಮಿ. ಓಗು, ಈರುಳ್ಳಿ ಎಚ್ಚು!"

ಆ ವಾರವೇ ನೀರಿನ ಚೊಂಬು ಪುಟ್ಟಮಾದಮ್ಮನ ಕೈಯಿಂದ ಜಾರಿ ಬಿತ್ತು. ಬೆರಳು ಜೋಮು ಹಿಡಿದಿದ್ದವು. ರಾಣಿ ಅವಳನ್ನು ಕೊಳ್ಳೇಗಾಲದ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರ್ ಮಾಲಿನಿ ಕೈ ಮಡಿಸಿ, ಚಾಚಿಸಿ, ಮುಷ್ಟಿ ಹಿಡಿಸಿ ನೋಡಿದರು. "ನೋವು ಶುರುವಾದಾಗಲೇ ಕೈಗೆ ಬಿಡುವು ಕೊಡಬೇಕಿತ್ತಮ್ಮ. ಒಂದೆರಡು ವಾರದಲ್ಲಿ ಕಡಿಮೆಯಾಗದಿದ್ದರೆ ಬಂದು ತೋರಿಸಬೇಕು. ಬೆರಳು ಜೋಮು ಹಿಡಿದು ಹಿಡಿತ ತಪ್ಪಿದರಂತೂ ಕಾಯಲೇಬಾರದು. ಈಗ ಆರು ವಾರ ತಿರುವೋದು, ಹಿಂಡೋದು, ಭಾರ ಎತ್ತೋದು ಬೇಡ. ಹಾಗಂತ ಕೈ ಕಟ್ಟಿಕೊಂಡು ಕೂರಲೂಬೇಡಿ, ನಾನು ತೋರಿಸಿದ ಹಾಗೆ ದಿನಾ ಮೆಲ್ಲಗೆ ಆಡಿಸಿ."

"ಇಟ್ಟು ಯಾರು ತಿರುವ್ತಾರೆ ಮೇಡಂ?"

"ಇವರಿದ್ದಾರಲ್ಲ" ಎಂದು ಡಾಕ್ಟರು ರಾಣಿಯತ್ತ ಕೈ ತೋರಿಸಿದರು. ಅಯ್ಯೋ, ಆ ಮಾತು ಮೊಣಕೈಗಿಂತ ಹೆಚ್ಚು ನೋಯಿಸಿತಂತೆ.

ಮರುದಿನ ರಾಣಿ ತಿರುವಿದಳು. ಪುಟ್ಟಮಾದಮ್ಮ ಮೊದಲ ಮುದ್ದೆಯನ್ನು ಎಡಗೈಯಲ್ಲಿ ಕಿವುಚಿ ಕಿವುಚಿ ಗಂಟು ಹುಡುಕಿದಳು. ಒಂದೂ ಸಿಗಲಿಲ್ಲ.

ಅಷ್ಟರಲ್ಲಿ ದಿನಾ ಉಣ್ಣಲು ಬರುವ ಬಸ್ ಡ್ರೈವರ್ ಜಡೇಸ್ವಾಮಿ ಕೂಗಿದ. "ಪುಟ್ಟಮಾದಕ್ಕ, ಇವತ್ತು ನಿನ್ ಇಟ್ಟು ಬೆಣ್ಣೆ ಕಣಕ್ಕ! ಈಚೆಗೆ ಇಂಥದ್ದು ಉಂಡೇ ಇರ್ನಿಲ್ಲ!"

ಒಲೆ ಮುಂದಿನಿಂದ ರಾಣಿ ಹೇಳಿದಳು, "ನಮ್ಮಕ್ಕನ ಕೈ ಅಂದ್ರೆ ಸುಮ್ನೆಯಾ ಅಣ್ಣ!"

ಪುಟ್ಟಮಾದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ನಿನ್ ಭಿಕ್ಷ ನಂಗ್ಯಾಕಮ್ಮಿ!" ಎಂದು ಸಿಡುಕಿ ಜಡೇಸ್ವಾಮಿಯ ಕಡೆ ತಿರುಗಿದಳು. "ಇವ್ಳು ತಿರುವಿದ್ದು ಕಣ್ಲಾ ಅದು. ಇನ್ನೊಂದು ಉಣ್ಣು." ಎಡಗೈಯಲ್ಲೇ ತಟ್ಟೆಗೆ ಮುದ್ದೆ ಹಾಕಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಆಮೇಲೆ ರಾಣಿಗೆ ಅಂದಳು, "ಆರು ವಾರ ಮಾತ್ರ ಕಣಮ್ಮಿ."

ಈಗ ದಿನಾ ಒಲೆಯ ಎದುರೇ ಮಣೆ ಹಾಕಿ ಕೂತು, ರಾಣಿಯ ಕೈಯಲ್ಲಿರುವ ಕೋಲಿನಿಂದ ಕಣ್ಣು ಕೀಳದೆ, ಡಾಕ್ಟರು ತೋರಿಸಿದಂತೆ ಕೈ ಆಡಿಸುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ.